ಪ್ರಾಣಿ ಸಂಗ್ರಹಾಲಯದ ಬಾಗಿಲು ಎಲ್ಲಿದೆ?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬಳಿ ಆನಗೋಡು ಎಂಬ ಊರಿದೆ. ಅಲ್ಲಿರುವ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯವು ಮೈಸೂರಿನ ಮೃಗಾಲಯದಷ್ಟು ದೊಡ್ಡದೂ ಅಲ್ಲ, ಹಳೆಯದೂ ಅಲ್ಲ. ಆದರೂ ದಾವಣಗೆರೆ, ಹರಿಹರಗಳ ಸಾಮಾನ್ಯ ಕುಟುಂಬಗಳಿಗೆ ರಜೆಯ ದಿನ ಮಕ್ಕಳನ್ನು ಕರೆದೊಯ್ಯಲು ಕೈಗೆಟುಕುವ ತಾಣವದು. ಚೀಲದಲ್ಲಿ ಮಂಡಕ್ಕಿ, ಮಿರ್ಚಿ, ನೀರಿನ ಬಾಟಲಿ ತುಂಬಿಕೊಂಡು ಅಜ್ಜ, ಅಜ್ಜಿ, ಮೊಮ್ಮಕ್ಕಳು ಹೊರಡುತ್ತಾರೆ. ಬೇಲಿಯ ಮುಂದೆ ನಿಂತ ಮಗು, "ಅಜ್ಜ, ಇದು ಎಲ್ಲಿಂದ ಬಂತು?" ಎಂದು ಕೇಳುತ್ತದೆ. "ಕಾಡಿನಿಂದ ಬಂತು, ಮಗಾ" ಎಂದು ಅಜ್ಜ ಹೇಳುತ್ತಾನೆ. ಯಾವ ಕಾಡಿನಿಂದ, ಏಕೆ ಬಂತು ಎಂಬ ಮುಂದಿನ ಪ್ರಶ್ನೆಯನ್ನು ಮಗು ಕೇಳುವಷ್ಟರಲ್ಲಿ ಎಲ್ಲರೂ ಮುಂದಿನ ಬೇಲಿಗೆ ಹೋಗಿರುತ್ತಾರೆ. ಆ ಕೇಳದೆ ಉಳಿದ ಪ್ರಶ್ನೆಯೇ ಇಂದಿನ ಮಾತಿನ ವಸ್ತು.

ಮೈಸೂರಿನ ಮೃಗಾಲಯವು 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾಯಿತು. ಅಂದು ಅಪರೂಪದ ಪ್ರಾಣಿಗಳನ್ನು ತರಿಸಿಟ್ಟುಕೊಳ್ಳುವುದು ಅರಸೊತ್ತಿಗೆಯ ವೈಭವಕ್ಕೆ ಸಲ್ಲುತ್ತಿತ್ತು. ಇಂದಿನ ಧ್ಯೇಯ ಬೇರೆ. ಕೇಂದ್ರ ಮೃಗಾಲಯ ಪ್ರಾಧಿಕಾರವು 1992ರಲ್ಲಿ ಸ್ಥಾಪನೆಯಾದ ಮೇಲೆ ಅದರ ಮಾನ್ಯತೆಯಿಲ್ಲದೆ ದೇಶದಲ್ಲಿ ಯಾರೂ ಮೃಗಾಲಯ ನಡೆಸುವಂತಿಲ್ಲ. ಅಳಿವಿನಂಚಿನ ಪ್ರಾಣಿಗಳನ್ನು ಉಳಿಸುವುದು ಮತ್ತು ಜನರಿಗೆ ತಿಳಿವಳಿಕೆ ನೀಡುವುದು ಮೃಗಾಲಯಗಳ ಕರ್ತವ್ಯವೆಂದು ಸರ್ಕಾರದ ನೀತಿ ಹೇಳುತ್ತದೆ. ಇದು ಬರಿಯ ಮಾತೂ ಅಲ್ಲ. ಅರೇಬಿಯಾದ ಓರಿಕ್ಸ್ ಎಂಬ ಬಿಳಿಯ ಜಿಂಕೆಯಂಥ ಪ್ರಾಣಿ 1972ರ ವೇಳೆಗೆ ಮರುಭೂಮಿಯಿಂದ ಸಂಪೂರ್ಣವಾಗಿ ಅಳಿದುಹೋಗಿತ್ತು. ಮೃಗಾಲಯಗಳಲ್ಲಿ ಉಳಿದಿದ್ದ ಸಂತತಿಯಿಂದಲೇ 1982ರಲ್ಲಿ ಅದನ್ನು ಒಮಾನಿನ ಬಯಲಿಗೆ ಮರಳಿ ಬಿಡಲು ಸಾಧ್ಯವಾಯಿತು.

ಆದರೆ ಬೇಲಿಯೊಳಗಿನ ಬದುಕಿಗೆ ಅದರದೇ ಆದ ಮಿತಿಗಳಿವೆ. 2025ರ ನವೆಂಬರಿನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಕಾರಣ ಗಳಲೆ ರೋಗ. ದನ, ಎಮ್ಮೆಗಳನ್ನು ಸಾಕಿದ ಪ್ರತಿ ಮನೆಯೂ ಬಲ್ಲ ರೋಗವಿದು. ಮಳೆಗಾಲಕ್ಕೆ ಮುನ್ನ ಕೊಟ್ಟಿಗೆಯ ರಾಸುಗಳಿಗೆ ಲಸಿಕೆ ಹಾಕಿಸುವುದು ಇದಕ್ಕೇ. ಬಯಲಿನಲ್ಲಿ ಹಿಂಡು ಚದುರಿ ಹೋಗಬಲ್ಲದು. ಬೇಲಿಯೊಳಗೆ ಚದುರಲು ಜಾಗವಿಲ್ಲ. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ.

ಇನ್ನೊಂದು ಸಂಕಟವು ನೋಡುವವರಿಗೆ ಕಂಡರೂ ಅರ್ಥವಾಗುವುದಿಲ್ಲ. ಚಿರತೆಯೋ ಕರಡಿಯೋ ಆವರಣದ ಅಂಚಿನಲ್ಲಿ ಒಂದೇ ದಾರಿಯಲ್ಲಿ, ಅಷ್ಟೇ ಹೆಜ್ಜೆ ಅತ್ತ, ಅಷ್ಟೇ ಹೆಜ್ಜೆ ಇತ್ತ, ಗಂಟೆಗಟ್ಟಲೆ ತಿರುಗುತ್ತಿರುತ್ತದೆ. ಮಕ್ಕಳು ಅದನ್ನು ಉತ್ಸಾಹವೆಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ. ವಾಸ್ತವದಲ್ಲಿ ಅದು ಬಂಧನದಿಂದ ಉಂಟಾದ ಮನೋವ್ಯಥೆಯ ಲಕ್ಷಣ. ನಿಸರ್ಗದಲ್ಲಿ ಬಹುದೂರ ಸಂಚರಿಸುವ ಮಾಂಸಾಹಾರಿ ಪ್ರಾಣಿಗಳಲ್ಲಿಯೇ ಈ ಲಕ್ಷಣ ಹೆಚ್ಚೆಂದು 2003ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು.

ಈ ಪ್ರಾಣಿಗಳಿಗೆ ಕುಟುಂಬಗಳು ಸಲ್ಲಿಸಬಹುದಾದ ಮೊದಲ ಗೌರವ ಮೌನ. ಎರಡನೆಯದು, ಮಂಡಕ್ಕಿಯ ಪೊಟ್ಟಣವನ್ನು ಚೀಲದಲ್ಲಿಯೇ ಇಟ್ಟುಕೊಳ್ಳುವುದು. ಪ್ರೀತಿಯಿಂದಲೇ ಎಸೆದ ಖಾರದ ತಿನಿಸು ಮೆಲುಕು ಹಾಕುವ ಜಿಂಕೆಯ ಹೊಟ್ಟೆಗೆ ಒಗ್ಗುವುದಿಲ್ಲ. ಅದರೊಡನೆ ಹೋದ ಪ್ಲಾಸ್ಟಿಕ್ ಹೊಟ್ಟೆಯಲ್ಲಿಯೇ ಗಂಟಾಗಿ ಉಳಿಯುತ್ತದೆ. ಪೇಟೆಯ ಬೀದಿ ದನಗಳಿಗೆ ಆಗುವುದೇ ಅವಕ್ಕೂ ಆಗುತ್ತದೆ. ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವಕ್ಕೆ ತಿನಿಸು ಹಾಕುವುದು, ಗದ್ದಲದಿಂದ ಪೀಡಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ವಿಧಿಯ ಪ್ರಕಾರ ಅಪರಾಧವೂ ಹೌದು.

ಈಗ ಮಗುವಿನ ಪ್ರಶ್ನೆಗೆ ಬರೋಣ. ಕೆಲವು ಪ್ರಾಣಿಗಳು ಮೃಗಾಲಯಗಳಲ್ಲಿಯೇ ಹುಟ್ಟಿದವು. ಕೆಲವು ಮನುಷ್ಯರ ಕೈಯಿಂದ ಬಿಡಿಸಿ ತಂದವು. 2022ರ ಡಿಸೆಂಬರಿನಲ್ಲಿ ದಾವಣಗೆರೆ ನಗರದ ಖಾಸಗಿ ಆವರಣವೊಂದರಲ್ಲಿಯೇ ಕೃಷ್ಣಮೃಗ, ಚುಕ್ಕೆ ಜಿಂಕೆ ಮೊದಲಾದ ವನ್ಯಪ್ರಾಣಿಗಳು ಪತ್ತೆಯಾದುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರದಲ್ಲಿ ಮೂಗುದಾರ ಹಾಕಿಸಿಕೊಂಡು ಬೀದಿಯಲ್ಲಿ ಕುಣಿದ ಕರಡಿಗಳು ಆಶ್ರಯ ಪಡೆದವು. ಶಿವಮೊಗ್ಗ ಸಮೀಪದ ತ್ಯಾವರೆಕೊಪ್ಪದಲ್ಲಿ ಊರಂಚಿನಿಂದ ಹಿಡಿದು ತಂದ ಚಿರತೆಗಳಿವೆ.

ಈ ಕೊನೆಯ ಮಾತು ಈ ಸಭೆಗೆ ತೀರ ಹತ್ತಿರವಾದುದು. ಕಬ್ಬಿನ ಗದ್ದೆಯಲ್ಲಿ ಚಿರತೆಯ ಮರಿಗಳು ಕಂಡಾಗ ಏನಾಗುತ್ತದೆ? ತಾಯಿ ಸತ್ತಿದೆ ಎಂದು ಭಾವಿಸಿ, ಕರುಣೆಯಿಂದಲೇ, ಮರಿಗಳನ್ನು ಎತ್ತಿ ತರುತ್ತಾರೆ. ತಾಯಿ ಸತ್ತಿರುವುದಿಲ್ಲ, ಮರಿಗಳನ್ನು ಮರೆಯಲ್ಲಿಟ್ಟು ಬೇಟೆಗೆ ಹೋಗಿರುತ್ತದೆ, ಸಾಮಾನ್ಯವಾಗಿ ಕತ್ತಲಾದ ಮೇಲೆ ಮರಳುತ್ತದೆ. ಬೇಟೆಯ ವಿದ್ಯೆಯನ್ನು ಮರಿ ಕಲಿಯಬೇಕಾದುದು ತಾಯಿಯ ಹಿಂದೆ ಒಂದೂವರೆ, ಎರಡು ವರ್ಷ ಅಲೆದು. ತಾಯಿಯನ್ನು ಮರಳಿ ಸೇರದೆ ಮನುಷ್ಯರ ಕೈಯಲ್ಲಿ ಹಾಲು ಕುಡಿದು ಬೆಳೆದ ಮರಿಗೆ ಕಾಡಿನ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಮುಂದೊಂದು ಭಾನುವಾರ ಮಗು ಬೇಲಿಯ ಮುಂದೆ ನಿಂತು ನೋಡುವುದು ಅದನ್ನೇ.

ಹಾಗೆಯೇ ಚಿರತೆಯ ಹೆಜ್ಜೆ ಕಂಡೊಡನೆ ಬೋನು ಇಡಿ ಎಂಬ ಒತ್ತಾಯ ಏಳುತ್ತದೆ. ಕರುವನ್ನು ಕಳೆದುಕೊಂಡ ಮನೆಯ ನೋವು ಸಣ್ಣದಲ್ಲ. ಪರಿಹಾರವು ಬೇಗ ಬರಬೇಕು, ಕೊಟ್ಟಿಗೆ ಭದ್ರವಾಗಬೇಕು. ಆದರೆ ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಎಚ್ಚರಿಕೆಯೊಂದನ್ನು ನೀಡುತ್ತದೆ. ಅಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೋನು ಎಲ್ಲ ಕಾಲಕ್ಕೂ ಪರಿಹಾರವಲ್ಲ.

ಇನ್ನು ದಾವಣಗೆರೆಯ ಕುಟುಂಬಗಳಿಗೆ ಒಂದು ಮಾತು. ಅದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿ ಧಾಮವಿದೆ, 2011ರಲ್ಲಿ ಘೋಷಣೆಯಾದುದು. ಗಂಡು ಕೊಂಡುಕುರಿಗೆ ನಾಲ್ಕು ಕೊಂಬುಗಳು. ಲೋಕದ ಬೇರಾವ ಕಾಡುಪ್ರಾಣಿಗೂ ಇಲ್ಲದ ಲಕ್ಷಣವಿದು. ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಅದರ ನೆಲೆ ಇನ್ನೆಲ್ಲಿಯೂ ಇಲ್ಲ. ನಾಚಿಕೆಯ ಪ್ರಾಣಿಯಾದುದರಿಂದ ಹೋದವರಿಗೆಲ್ಲ ಕಾಣುವುದೂ ಇಲ್ಲ. ಆದರೆ ಬಂಜರೆಂದು ಜನ ಕಡೆಗಣಿಸುವ ಕುರುಚಲು ಕಾಡು ಇಂಥ ಜೀವಿಗೆ ಮನೆಯಾಗಿದೆ ಎಂಬುದನ್ನು ಮಕ್ಕಳಿಗೆ ಹೇಳಲು ಅದು ಕಾಣಲೇಬೇಕೆಂದಿಲ್ಲ.

ಮಲೆಯೂ ಬಯಲೂ ಬೇರೆಯಲ್ಲ ಎಂಬುದಕ್ಕೆ ಹರಿಹರದ ಹೊಳೆಯೇ ಸಾಕ್ಷಿ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡ್ಲಿಯಲ್ಲಿ ಸೇರಿ ಹರಿಹರೇಶ್ವರನ ಊರಿಗೆ ಬರುತ್ತಾರೆ. ದಾವಣಗೆರೆಯ ಗದ್ದೆಗಳಿಗೆ ಹರಿಯುವುದು ಲಕ್ಕವಳ್ಳಿಯಲ್ಲಿ ಕಟ್ಟಿನಿಂತ ಭದ್ರೆಯ ನೀರು. ಆ ಜಲಾಶಯಕ್ಕೆ ತಾಗಿದ ಕಾಡು 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರೊಳಗಿದ್ದ ಹಳ್ಳಿಗಳ ಜನ 2001-02ರ ಸುಮಾರಿಗೆ ಮನೆ, ಗದ್ದೆ, ದೇವರ ಬನಗಳನ್ನು ಬಿಟ್ಟು ಹೊರಬಂದರು. ಹುಲಿಯನ್ನು ನೋಡಲು ಚೀಟಿ ಕೊಳ್ಳುವ ಪೇಟೆಯ ಮನೆಯವರು, ಹುಲಿಗಾಗಿ ಊರನ್ನೇ ತೆತ್ತವರಿದ್ದಾರೆ ಎಂಬುದನ್ನೂ ತಿಳಿದಿರಬೇಕು.

ವಿದ್ಯಾರ್ಥಿ ಮಿತ್ರರೇ, ಮೃಗಾಲಯಕ್ಕೆ ಹೋಗಬೇಡಿ ಎಂದು ಹೇಳುವುದು ಈ ಮಾತಿನ ಉದ್ದೇಶವಲ್ಲ. ಹೋಗಿ, ಆದರೆ ಒಂದೊಂದು ಬೇಲಿಯ ಮುಂದೆಯೂ ನಿಂತು ಇದು ಎಲ್ಲಿಂದ ಬಂತು, ಏಕೆ ಬಂತು, ಮರಳಿ ಹೋಗಬಲ್ಲದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಗ್ರಾಮಸ್ಥರಲ್ಲಿ ಕೋರುವುದು ಇಷ್ಟೇ: ಗದ್ದೆಯಲ್ಲಿ ಮರಿ ಕಂಡರೆ ಮುಟ್ಟದೆ, ಜನ ಸೇರಿಸದೆ, ಅರಣ್ಯ ಇಲಾಖೆಗೆ ತಿಳಿಸಿ, ಅಂದಿನ ಇರುಳು ಆ ಗದ್ದೆಯನ್ನು ತಾಯಿಗೆ ಬಿಟ್ಟುಕೊಡಿ. ಸಂಗ್ರಹಾಲಯಕ್ಕೆ ಜನರ ಬಾಗಿಲು ಆನಗೋಡಿನಲ್ಲಿರಬಹುದು. ಪ್ರಾಣಿಗಳ ಬಾಗಿಲು ಇರುವುದು ಈ ಊರುಗಳ ಗದ್ದೆಯಂಚಿನಲ್ಲಿ. ಅದನ್ನು ತೆರೆಯದಿರುವುದು ಇಲ್ಲಿ ಕುಳಿತವರ ಕೈಯಲ್ಲಿಯೇ ಇದೆ.