ಸೊಂಟದ ಬಲಕ್ಕೆ ಭಾರವೋ, ಬೇರೆ ವ್ಯಾಯಾಮವೋ?

ನಮ್ಮ ಗರಡಿಮನೆಗಳಲ್ಲಿ ಸಾಮು ಮಾಡುವವರು ಬಸ್ಕಿ ಹೊಡೆದು, ಗುಂಡುಕಲ್ಲು ಎತ್ತಿ ಇಡೀ ಮೈಯನ್ನು ಒಟ್ಟಿಗೆ ಹುರಿಗೊಳಿಸುತ್ತಾರೆ. ಸೊಂಟದ ಒಳಸ್ನಾಯುವನ್ನು ಮಾತ್ರ ಪ್ರತ್ಯೇಕವಾಗಿ ಪಳಗಿಸಬೇಕೆಂಬ ವಾದ ಈಚಿನದು.

1996ರಲ್ಲಿ ಆಸ್ಟ್ರೇಲಿಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಒಂದು ಸಂಗತಿ ಗುರುತಿಸಿದರು. ನಾವು ಕೈಯೆತ್ತುವ ಮುನ್ನವೇ ಹೊಟ್ಟೆಯ ಒಳಪದರದ ಅಡ್ಡಸ್ನಾಯು ಬಿಗಿಯುತ್ತದೆ. ಸೊಂಟನೋವಿನವರಲ್ಲಿ ಅದು ತುಸು ತಡವಾಗುತ್ತದೆ. ಹೊಟ್ಟೆಯನ್ನು ಒಳಗೆಳೆದು ಹಿಡಿಯುವ ವ್ಯಾಯಾಮಗಳು ಹಬ್ಬಿದ್ದು ಆಮೇಲೆ. ಆದರೆ ಆ ತಡ ನೋವಿಗೆ ಕಾರಣವೋ, ನೋವಿನ ಫಲವೋ? ಪ್ರಯೋಗ ಅದನ್ನು ತೀರ್ಮಾನಿಸಲಿಲ್ಲ.

ಬಾರ್‌ಬೆಲ್ ಹೊತ್ತು ಬಸ್ಕಿ ಹೊಡೆಯುವವನು ಉಸಿರು ಹಿಡಿದು ಹೊಟ್ಟೆ ಬಿಗಿಯುತ್ತಾನೆ. ಒಳಗಿನ ಒತ್ತಡ ಬೆನ್ನೆಲುಬಿಗೆ ಆಸರೆಯಾಗುತ್ತದೆ. ಭಾರದ ಬಸ್ಕಿಯಲ್ಲಿ, ನೆಲದಿಂದ ಭಾರ ಎತ್ತುವಾಗ ಬೆನ್ನಿನ ಸ್ನಾಯುಗಳು ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮಗಳಿಗಿಂತ ಹೆಚ್ಚು ದುಡಿಯುತ್ತವೆಂದು 2007ರ ಕೆನಡಾ ಅಧ್ಯಯನವೊಂದು ಕಂಡಿತು. ಸೊಂಟನೋವಿಗೆ ಈ ವಿಶೇಷ ವ್ಯಾಯಾಮಗಳು ಇತರ ಚಟುವಟಿಕೆಯ ವ್ಯಾಯಾಮಗಳಿಗಿಂತ ದೀರ್ಘಾವಧಿಯಲ್ಲಿ ಮೇಲಲ್ಲವೆಂದು 2014ರ ಸಮೀಕ್ಷೆ ಹೇಳಿತು.

ಹಾಗೆಂದು ನೋವಿನಲ್ಲಿರುವವರು ನಾಳೆಯೇ ಭಾರ ಹೊರಬೇಕಿಲ್ಲ. ಏಳಲೂ ಆಗದವರಿಗೆ ಸಣ್ಣ ವ್ಯಾಯಾಮ ಒಳ್ಳೆಯ ಮೊದಲ ಮೆಟ್ಟಿಲು. ಆದರೆ ‘ನಿನ್ನ ಬೆನ್ನು ದುರ್ಬಲ, ಬಾಗಬೇಡ, ಎತ್ತಬೇಡ’ ಎಂಬ ಮಾತು ಮನುಷ್ಯನನ್ನು ಆ ಮೆಟ್ಟಿಲಲ್ಲೇ ಕೂರಿಸಿಬಿಡುತ್ತದೆ. ನೀರಿನ ಕೊಡ, ಅಕ್ಕಿಮೂಟೆ, ಎತ್ತಿಕೋ ಎನ್ನುವ ಮೊಮ್ಮಗು, ಇವು ಕಾಯುತ್ತಿರುತ್ತವೆ. ಸರಿಯಾದ ಕ್ರಮ ಕಲಿತು, ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಿಕೊಂಡವರ ಬೆನ್ನು ಅವಕ್ಕೆ ಅಳುಕುವುದಿಲ್ಲ.