ಅಗ್ಗದ ಲೇಸರ್, ಬೆಲೆಯಿಲ್ಲದ ಕಣ್ಣು
(ಪುಣೆ ಕ್ಯಾಂಪಿನಲ್ಲಿ ಹೋಟೆಲ್ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆಯವರೆಗೆ ಓದಿದವನು, ವಿಜ್ಞಾನಿಯಲ್ಲ. ಅಗ್ಗದ ಸಾಮಾನಿನಿಂದ ಕೈಲೇಸರ್ ಮಾಡುವುದು ಹೇಗೆಂದು ನಮ್ಮ ಹುಡುಗರು ಮೇಲಿಂದ ಮೇಲೆ ಕೇಳುತ್ತಾರೆ. ಬಲ್ಲವರಿಂದ ಕೇಳಿ, ಕೈಯಾರೆ ಮಾಡಿ ತಿಳಿದಷ್ಟನ್ನು ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಇದು ನಮಗೆ ನಿಲುಕದ ವಿದ್ಯೆಯೆಂದು ಭಾವಿಸಬೇಡಿ. 1960ರಲ್ಲಿ ಅಮೆರಿಕದ ಮೈಮನ್ ಎಂಬವರು ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಗಿಸಿದರು. 1964ರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ಕಂಡುಹಿಡಿದವರು ಕುಮಾರ್ ಪಟೇಲ್. ಅವರು ಇದೇ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹುಟ್ಟಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಇಂದು ಕಾರಖಾನೆಗಳಲ್ಲಿ ತಗಡು, ಬಟ್ಟೆ, ಮರ ಕತ್ತರಿಸುವ ಕೆಲಸಕ್ಕೆ ಆ ಲೇಸರ್ ದುಡಿಯುತ್ತಿದೆ.

ಬಲ್ಬಿನ ಬೆಳಕು ಕೊಡದ ನೀರು ಚೆಲ್ಲಿದಂತೆ ಹರಡುತ್ತದೆ. ಲೇಸರ್ ಸಣ್ಣ ನಳಿಗೆಯಿಂದ ಚಿಮ್ಮಿದ ನೀರಿನಂತೆ ಒಂದೇ ಗೆರೆಯಲ್ಲಿ ಹೋಗುತ್ತದೆ. ಅದರ ಗುಣವೂ ಅದೇ, ಅಪಾಯವೂ ಅದೇ.

ಬೇಕಾದ ಸಾಮಾನು ನಾಲ್ಕೇ: ಹಿತ್ತಾಳೆ ಕವಚದ ಕೆಂಪು ಲೇಸರ್ ಮಾಡ್ಯೂಲ್, ಎರಡು ಪೆನ್ಸಿಲ್ ಸೆಲ್, ಕೈಬಿಟ್ಟೊಡನೆ ಆರುವ ಒತ್ತುಗುಂಡಿ, ಒಂದು ತುಂಡು ಪೈಪು. ಬುಧವಾರ ಪೇಟೆಯ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಮಾಡ್ಯೂಲಿನೊಳಗೆ ಡಯೋಡು, ಮಸೂರ, ರೆಸಿಸ್ಟರ್ ಇರುತ್ತವೆ. ಬಿಡಿ ಡಯೋಡ್ ಕೊಂಡರೆ ರೆಸಿಸ್ಟರನ್ನು ನಾವೇ ಹಾಕಬೇಕು. ಇಲ್ಲವಾದರೆ ಅದು ಮಿತಿಮೀರಿ ಕರೆಂಟ್ ಎಳೆದು ಕ್ಷಣದಲ್ಲಿ ಸಾಯುತ್ತದೆ. ಲೆಕ್ಕ ಗಲ್ಲಾದ ಲೆಕ್ಕದಷ್ಟೇ ಸುಲಭ. ಎರಡು ಸೆಲ್ ಕೊಡುವುದು 3 ವೋಲ್ಟ್, ಡಯೋಡ್ ತಿನ್ನುವುದು ಸುಮಾರು 2.2, ಉಳಿದದ್ದು 0.8. ಅದನ್ನು 25 ಮಿಲಿ ಆಂಪಿಯರಿನಿಂದ ಭಾಗಿಸಿದರೆ 32. ಅಂಗಡಿಯಲ್ಲಿ 33 ಓಮ್ ಕೇಳಿ.

ಇದರಿಂದ ಏನು ಉಪಯೋಗ? ನೆಟ್ಟನೆಯ ಹಲಗೆಗೆ ರಸಮಟ್ಟವನ್ನೂ ಲೇಸರನ್ನೂ ಜೋಡಿಸಿ. ಅಡಿಗೆಮನೆಯ ಎರಡು ಗೋಡೆಗಳ ಮೇಲೆ ಒಂದೇ ಎತ್ತರದ ಗುರುತು ಹಾಕಿ ಕಪಾಟು ಹೊಡೆಯಬಹುದು. ಗಾರೆಯವರ ನೀರಿನ ಟ್ಯೂಬಿನಿಂದ ಮೊದಲು ತಾಳೆ ನೋಡಿಕೊಳ್ಳಿ.

ಈಗ ಮುಖ್ಯ ಮಾತು. ಜುನಾ ಬಜಾರಿನಲ್ಲಿ ಹಳೆಯ ಡಿವಿಡಿ ರೈಟರ್ ಕೊಂಡು, ಅದರ ಡಯೋಡ್ ಕಿತ್ತು, ಬೆಂಕಿಕಡ್ಡಿ ಹೊತ್ತಿಸುವ ಲೇಸರ್ ಮಾಡಬೇಕೆಂದು ಕೆಲವರಿಗೆ ಆಸೆ. ಅದು ಬೇಡ. 1 ಮಿಲಿವ್ಯಾಟಿನೊಳಗಿನ ಬೆಳಕು ಬಿದ್ದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿ ಕಣ್ಣನ್ನು ಕಾಯುತ್ತದೆ. ಡಿವಿಡಿ ಬರೆಯುವ ಡಯೋಡಿನದು ನೂರು ಮಿಲಿವ್ಯಾಟಿಗೂ ಮೇಲೆ. ರೆಪ್ಪೆ ಮುಚ್ಚುವ ಮೊದಲೇ ಒಳಗಿನ ಅಕ್ಷಿಪಟಲ ಸುಟ್ಟಿರುತ್ತದೆ. ಅಲ್ಲಿ ನೋವು ತಿಳಿಸುವ ನರವಿಲ್ಲ. ಸುಟ್ಟದ್ದು ಗೊತ್ತೇ ಆಗದು. ಸ್ಟೀಲ್ ತಟ್ಟೆಗೆ ಬಡಿದು ಮರಳಿದ ಕಿರಣವೂ ಸಾಕು. ತಂಪು ಕನ್ನಡಕ ಕಾಯುವುದಿಲ್ಲ. ಅಗ್ಗದ ಸಾಮಾನಿನ ಚೀಟಿಯನ್ನೂ ನಂಬಬೇಡಿ: 2010ರಲ್ಲಿ ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆ ಒಂದು ಅಗ್ಗದ ಹಸಿರು ಲೇಸರನ್ನು ಪರೀಕ್ಷಿಸಿದಾಗ, ಕಾಣುವ ಹಸಿರಿಗಿಂತ ಕಾಣದ ಅತಿಗೆಂಪು ಕಿರಣವೇ ಹೆಚ್ಚು ಹೊರಬರುತ್ತಿತ್ತು. ಆದುದರಿಂದ ಸಣ್ಣ ಕೆಂಪು ಲೇಸರನ್ನೂ ಯಾರ ಮುಖಕ್ಕೂ, ವಾಹನಕ್ಕೂ, ಲೋಹಗಾಂವಿಗೆ ಇಳಿಯುವ ವಿಮಾನಕ್ಕೂ ತಿರುಗಿಸಕೂಡದು.

ನಮ್ಮೂರಿನ ಅನುಭವ ದೂರದ್ದಲ್ಲ. 2023ರ ಗಣೇಶ ಮೆರವಣಿಗೆಯಲ್ಲಿ ಲೇಸರ್ ದೀಪದಿಂದ ಒಬ್ಬ ತರುಣನ ದೃಷ್ಟಿಗೆ ಪೆಟ್ಟಾಯಿತು. 2024ರ ಉತ್ಸವದಲ್ಲಿ ಪೊಲೀಸರು ಅಂಥ ದೀಪಗಳನ್ನು ನಿಷೇಧಿಸಿದರು. ಮೆರವಣಿಗೆಯಲ್ಲಿ ದೀಪ ಹೊತ್ತು ನಿಲ್ಲುವವನು ಯಾರು? ದಿನಗೂಲಿಯ ಹುಡುಗ. ಹೋಟೆಲ್ ಬಾಗಿಲಲ್ಲಿ ನಿಂತು ನೋಡುವವನು ಯಾರು? ನಮ್ಮವನೇ. ಕಣ್ಣು ಮಂಜಾದ ಸಪ್ಲಾಯರನಿಗೆ ಯಾವ ಮಾಲಕ ಕೆಲಸ ಕೊಟ್ಟಾನು? ನಮಗೆ ಜಮೀನಿಲ್ಲ, ಬ್ಯಾಂಕಿನಲ್ಲಿ ಗಂಟಿಲ್ಲ. ಕೈ, ಕಾಲು, ಕಣ್ಣುಗಳೇ ನಮ್ಮ ಬಂಡವಾಳ. ಲೇಸರ್ ಇರುವಲ್ಲಿ ಕೂಲಿಗೆ ಕರೆದರೆ, ಆ ಕಿರಣಕ್ಕೆ ತಕ್ಕ ಕನ್ನಡಕವನ್ನು ಮೊದಲು ಕೇಳಿ. ಅದು ಭಿಕ್ಷೆಯಲ್ಲ, ಹಕ್ಕು.

ತರುಣರೇ, ಕಲಿಯುವ ಆಸೆಯನ್ನು ಬಿಡಬೇಡಿ. ರಜೆಯ ದಿನ ಸಂಘದ ಕೋಣೆಗೆ ಬನ್ನಿ. ಸಣ್ಣ ಕೆಂಪು ಲೇಸರನ್ನು ಕೂಡಿ ಮಾಡೋಣ. ಸುಡುವ ಲೇಸರ್ ಬೇಕೆಂದು ಬಂದವರಿಗೂ ಚಹಾ ಉಂಟು, ಸಾಮಾನು ಮಾತ್ರ ಇಲ್ಲ.