ಹಿರಿಯರನ್ನು ಕಾಣಲು ಹೋದಾಗ



ಬೇಸಿಗೆಯ ರಜೆಯಲ್ಲಿಯೋ, ಊರ ಜಾತ್ರೆಗೋ ನೀವು ಮಕ್ಕಳನ್ನು ಕರೆದುಕೊಂಡು ಅಜ್ಜ ಅಜ್ಜಿಯರ ಮನೆಗೆ ಹೋಗುವಿರಿ. ಎರಡು ದಿನ ಇದ್ದು, ಹಪ್ಪಳ ಸಂಡಿಗೆಯ ಗಂಟಿನೊಡನೆ ಹಿಂದಿರುಗುವಿರಿ. ಅಷ್ಟಕ್ಕೇ ಹಿರಿಯರನ್ನು ಕಂಡಂತಾಯಿತೆಂದು ಭಾವಿಸಬಾರದು. ಯಾವ ವೈದ್ಯರ ಬಳಿಯೂ ದೊರೆಯದ ಒಂದು ಸಂಗತಿ ಅವರಲ್ಲಿದೆ. ಅದು ನಿಮ್ಮ ಮನೆತನದ ಆರೋಗ್ಯದ ಚರಿತ್ರೆ. ಅದನ್ನು ಅವರಿಂದ ಕೇಳಿ ತಿಳಿಯುವುದು ಹೇಗೆ, ಅದರಿಂದಾಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ನಿಮ್ಮ ಮುಂದಿಡಬಯಸುತ್ತೇನೆ.

ಅಜ್ಜಿಯ ತೋಳಿನ ಮೇಲೆ ದುಂಡನೆಯ ಕಲೆಯೊಂದು ಇರಬಹುದು. ಅದು ಚಿಕ್ಕಂದಿನಲ್ಲಿ ಸಿಡುಬಿನ ದಾಕು ಹಾಕಿಸಿಕೊಂಡ ಗುರುತು. 'ಇದೇನಜ್ಜೀ?' ಎಂದು ಮಗು ಕೇಳಿದರೆ ಸಾಕು, ಮಾತು ತಾನಾಗಿ ಹೊರಡುತ್ತದೆ. ಊರಿಗೆ 'ಅಮ್ಮ' ಬಂದ ಕಾಲ, ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು, ಕಣ್ಣು ಕಳೆದುಕೊಂಡ ನೆರೆಯವರು, ಎಲ್ಲವೂ ನೆನಪಿಗೆ ಬರುತ್ತವೆ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡುಬಂದದ್ದು 1975ರಲ್ಲಿ. ಜಗತ್ತೇ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು. ನಿಮ್ಮ ಮಕ್ಕಳು ಕಾಣದ ಆ ಭಯವನ್ನು ಕಂಡುಂಡವರು ಅಜ್ಜಿ. ಲಸಿಕೆಯ ಮಹತ್ವವನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ವಿರಳ.

ಇನ್ನು ಹೆರಿಗೆಯ ವಿಷಯ. ಮಕ್ಕಳೆಷ್ಟು ಎಂದು ಕೇಳಿದರೆ ಹಲವು ಅಜ್ಜಿಯರು ಬದುಕಿರುವವರನ್ನಷ್ಟೇ ಎಣಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, 'ಇನ್ನೊಂದು ಆಗಿತ್ತು, ದಕ್ಕಲಿಲ್ಲ' ಎನ್ನುತ್ತಾರೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ವೇಳೆಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದ ದಿನಗಳಲ್ಲಿ, ಹುಟ್ಟಿದ ಕೆಲವೇ ದಿನಗಳಲ್ಲಿ ಹಾಲು ಕುಡಿಯಲಾರದೆ, ಮೈ ಸೆಟೆದು ತೀರಿಕೊಂಡ ಕೂಸಿಗೆ ಗ್ರಹ ಬಡಿಯಿತೆಂದು ಮನೆಯವರು ತಿಳಿಯುತ್ತಿದ್ದುದುಂಟು. ಅಂಥ ಎಷ್ಟೋ ಸಾವುಗಳಿಗೆ ಕಾರಣ ಧನುರ್ವಾಯು. ಗರ್ಭಿಣಿಯರಿಗೆ ಕೊಡುವ ಚುಚ್ಚುಮದ್ದು ಹಾಗೂ ಶುಚಿಯಾದ ಹೆರಿಗೆಯ ಫಲವಾಗಿ ಇಂದು ಅದು ಪಿಡುಗಾಗಿ ಉಳಿದಿಲ್ಲ. ಭಾರತವು ಈ ಗುರಿಯನ್ನು ಮುಟ್ಟಿತೆಂದು 2015ರಲ್ಲಿ ದೃಢಪಟ್ಟಿತು. ಕೂಸು ಹೋದದ್ದು ಹೆತ್ತವಳ ಪಾಪದಿಂದಲ್ಲ ಎಂಬ ಮಾತನ್ನು ಮೊಮ್ಮಗಳ ಬಾಯಿಂದ ಕೇಳಿದಾಗ, ಐವತ್ತು ವರ್ಷ ಹೊತ್ತ ಭಾರವೊಂದು ಇಳಿಯಬಹುದು.

ಮನೆತನದಲ್ಲಿ ಯಾರಿಗೆ ಸಕ್ಕರೆ ಕಾಯಿಲೆಯಿತ್ತು, ಯಾರಿಗೆ ರಕ್ತದ ಒತ್ತಡವಿತ್ತು, ಯಾರು ಚಿಕ್ಕ ವಯಸ್ಸಿನಲ್ಲಿಯೇ ಎದೆನೋವಿನಿಂದ ತೀರಿಕೊಂಡರು ಎಂಬುದನ್ನೂ ಕೇಳಿರಿ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ರಕ್ತಸಂಬಂಧದ ಮದುವೆಗಳಿಂದ ಹುಟ್ಟುವ ಮಕ್ಕಳಲ್ಲಿ ಹುಟ್ಟುಕಿವುಡು ಮೊದಲಾದ ಕೆಲವು ಆನುವಂಶಿಕ ದೋಷಗಳ ಸಂಭವ ಹೆಚ್ಚು. ಯಾರು ಯಾರಿಗೆ ಏನಾಗಬೇಕೆಂಬುದನ್ನು ಅಜ್ಜಿ ಬೆರಳೆಣಿಸಿ ಹೇಳಬಲ್ಲರು. ಅದನ್ನು ಬರೆದಿಟ್ಟುಕೊಳ್ಳಿರಿ. ಮದುವೆಯ ಮಾತು ಬಂದಾಗಲೂ, ಮನೆಯಲ್ಲಿ ಯಾರಾದರೂ ಗರ್ಭಿಣಿಯಾದಾಗಲೂ ವೈದ್ಯರಿಗೆ ತಿಳಿಸಿರಿ.

ಆದರೆ ಇದು ಪಾಟೀಸವಾಲು ಆಗಬಾರದು. ಹುಣಿಸೆಹಣ್ಣಿನ ಬೀಜ ಬಿಡಿಸುವಾಗ ಜೊತೆಗೆ ಕುಳಿತುಕೊಳ್ಳಿರಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಕೇಳುತ್ತಲೇ ಅವರನ್ನೂ ಗಮನಿಸಿರಿ. 'ವಯಸ್ಸಾಯಿತು, ಇದೆಲ್ಲ ಇದ್ದದ್ದೇ' ಎಂದು ಹಿರಿಯರು ನೋವನ್ನು ಮರೆಮಾಡುವುದು ಸಾಮಾನ್ಯ. ಅಕ್ಕಿಯೊಳಗಿನ ಕಲ್ಲು ಅಜ್ಜಿಗೆ ಕಾಣದಿದ್ದರೆ ಅದು ಕಣ್ಣಿನ ಪೊರೆಯಿರಬಹುದು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುವ ಸಂಭವ ಬಹಳ. ಅಜ್ಜನಿಗೆ ಮಾತು ಎರಡೆರಡು ಸಲ ಹೇಳಬೇಕಾದರೆ ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಹಿಂದಿರುಗುವ ಮೊದಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವರನ್ನು ಕರೆದೊಯ್ಯಿರಿ.

ಸುಖೀ ಕುಟುಂಬವೆಂದರೆ ತಂದೆ, ತಾಯಿ, ಮಕ್ಕಳು ಮಾತ್ರವಲ್ಲ. ಹಿರಿಯರೂ ಅದರಲ್ಲಿ ಸೇರಿದವರು. ಮುಂದಿನ ಸಲ ಕೇಳೋಣವೆಂದು ತಡಮಾಡಬೇಡಿರಿ. ಅವರೊಡನೆಯೇ ಹೊರಟುಹೋಗುವ ಈ ತಿಳಿವಳಿಕೆಯನ್ನು ಮರಳಿ ಪಡೆಯುವ ದಾರಿಯಿಲ್ಲ.